ಪ್ರಶಾಂತ ಮೂಲೆಯ ಉದ್ಘಾಟನೆ

"ಇಂಥ ಮಕ್ಕಳಿಗೆ ಗದ್ದಲ ಆಗಿಬರೋದಿಲ್ಲ!" ಎಂದು ತರಬೇತುದಾರರು ಮೈಕಿನಲ್ಲಿ ಅರಚಿದ ರಭಸಕ್ಕೆ ಚಾಮರಾಜನಗರದ ಆ ಸಭಾಂಗಣದ ಕಿಟಕಿ ಗಾಜುಗಳು ಗಲಗಲ ಅಂದವು. ಮೈಕೇನು ಕಡಿಮೆಯೆ? ಅದೂ ತನ್ನ ಪಾಲಿನ ಕೀರಲು ದನಿ ಸೇರಿಸಿತು. ಮುಂದಿನ ಸಾಲಿನ ಶಿಕ್ಷಕಿಯೊಬ್ಬರು ತಡೆಯಲಾರದೆ ಎರಡೂ ಕಿವಿ ಮುಚ್ಚಿಕೊಂಡರು. "ನೋಡಿ ನೋಡಿ, ಥೇಟು ಹೀಗೇ ಮುಚ್ಕೋತಾರೆ!" ಎಂದು ತರಬೇತುದಾರರು ಅವರನ್ನೇ ಎಲ್ಲರಿಗೂ ತೋರಿಸಿ ಸಂತೋಷಪಟ್ಟರು.

ಹಿಂದಿನ ಸಾಲಿನಲ್ಲಿದ್ದ ಶಿವಲಕ್ಷ್ಮಿ ಸೆರಗನ್ನು ಬಾಯಿಗೆ ಒತ್ತಿ ನಗು ನುಂಗಿದಳು. ಗುಂಡ್ಲುಪೇಟೆ ತಾಲ್ಲೂಕಿನ ಮದ್ದೂರಿನ ಕಡೆ, ಕಾಡಿನಂಚಿನ ಹಳ್ಳಿಯೊಂದರ ಸರ್ಕಾರಿ ಶಾಲೆಯಲ್ಲಿ ಅವಳು ನಲಿಕಲಿ ಟೀಚರು. ಅಂದರೆ ಒಂದು, ಎರಡು, ಮೂರನೇ ತರಗತಿಯ ಮಕ್ಕಳನ್ನೆಲ್ಲ ಒಂದೇ ಕೋಣೆಯಲ್ಲಿ ಕೂರಿಸಿಕೊಂಡು ಹಾಡಿ ಕುಣಿದು ಕಲಿಸುವವಳು. ಆಟಿಸಂ ಇರುವ ಮಕ್ಕಳಿಗೆ ತರಗತಿಯಲ್ಲಿ ಹೇಗೆ ನೆರವಾಗಬೇಕೆಂಬ ಈ ತರಬೇತಿಗೆ ಅವಳನ್ನು ಕಳಿಸುವಾಗ ಹೆಡ್‌ಮಾಸ್ಟರ್ ಗುರುಮಲ್ಲಯ್ಯನವರು ಹೇಳಿದ್ದರು: "ಹೋಗಿ ಬನ್ನಿ ಮೇಡಂ. ಕಲಿಯೋದೇನೂ ಇರಲ್ಲ, ಊಟ ಚೆನ್ನಾಗಿರುತ್ತೆ." ಊಟವೂ ಚೆನ್ನಾಗಿರಲಿಲ್ಲ.

ತರಬೇತುದಾರರು ಹೇಳಿದ್ದೆಲ್ಲ ಸರಿಯಾಗಿಯೇ ಇತ್ತು. ಮಾಡಿದ್ದು ಮಾತ್ರ ಅದಕ್ಕೆ ತದ್ವಿರುದ್ಧ. ಮಗುವಿಗೆ 'ನನ್ನ ಕಣ್ಣು ನೋಡು' ಎಂದು ಬಲವಂತ ಮಾಡಬಾರದು ಎಂದವರು, "ಎಲ್ಲರೂ ಇಲ್ಲಿ ನನ್ನನ್ನ ನೋಡಿ!" ಎಂದು ಗದರಿದರು. ಮುಂದೆ ಏನು ನಡೆಯುತ್ತದೆಂದು ಮೊದಲೇ ತಿಳಿಸಬೇಕು ಎಂದವರು, ಹೇಳದೆ ಕೇಳದೆ ಊಟದ ಹೊತ್ತನ್ನು ಮುಂದಕ್ಕೆ ಹಾಕಿದರು. ಕೇಳಿದ ಮೇಲೆ ಉತ್ತರಕ್ಕಾಗಿ ತಾಳ್ಮೆಯಿಂದ ಕಾಯಬೇಕು ಎಂದು ಹೇಳಿ, "ಅರ್ಥ ಆಯ್ತಲ್ಲ?" ಎಂದು ತಾವೇ ಕೇಳಿ, "ಆಯ್ತು" ಎಂದು ತಾವೇ ಉತ್ತರ ಕೊಟ್ಟುಕೊಂಡರು. ಆದರೂ ಶಿವಲಕ್ಷ್ಮಿ ಕಿವಿಗೊಟ್ಟು ಕೇಳಿದಳು. ಅವಳ ತರಗತಿಯಲ್ಲಿ ಭಾನು ಇದ್ದಳಲ್ಲ.

ಭಾನು ಒಂದನೇ ತರಗತಿ. ಎಣ್ಣೆ ಹಾಕಿ ಬಿಗಿದು ಕಟ್ಟಿದ ಎರಡು ಜುಟ್ಟಿನ, ದುಂಡು ಕೆನ್ನೆಯ ಕೂಸು. ಮೈಸೂರಿನ ಡಾಕ್ಟರು ನೋಡಿ ಆಟಿಸಂ ಎಂದಿದ್ದರು. ಮಾತು ಅಪರೂಪ. ಶಾಲೆಯ ಗಂಟೆ, ಅಂದರೆ ನೇರಳೆ ಮರಕ್ಕೆ ನೇತುಹಾಕಿದ ರೈಲುಕಂಬಿಯ ತುಂಡು, ಢಣ್ ಅಂದರೆ ಸಾಕು, ಕಿವಿ ಮುಚ್ಚಿಕೊಂಡು ಗೇಟಿನ ಕಡೆ ಓಟ. ಅಪ್ಪ ಅಮ್ಮ ಚೆಂಡುಹೂವಿನ ಹೊಲಗಳಿಗೆ ಕೂಲಿಗೆ ಹೋಗುತ್ತಿದ್ದರಿಂದ ಅವಳನ್ನು ಕರೆತರುವುದು, ಓಡಿದರೆ ಹಿಡಿದು ತರುವುದು ಎಲ್ಲ ಅಜ್ಜಿ ಚಿಕ್ಕಬಸಮ್ಮನ ಪಾಲಿಗಿತ್ತು.

ಊರಿನಲ್ಲಿ ಡಾಕ್ಟರು ಇಲ್ಲದಿದ್ದರೂ ಕಾಯಿಲೆ ಹೇಳುವವರಿಗೆ ಬರವಿರಲಿಲ್ಲ. ಬಸುರಿನಲ್ಲಿ ತಾಯಿ ಗ್ರಹಣ ನೋಡಿದ್ದು ಎಂದರು ಒಬ್ಬರು. ಮೊಬೈಲಿನ ದೋಷ ಎಂದರು ಇನ್ನೊಬ್ಬರು. ಆ ಮನೆಯಲ್ಲಿದ್ದದ್ದು ಗುಂಡಿ ಒತ್ತುವ ಹಳೇ ಫೋನು. ನಾಲ್ಕು ಬಿಟ್ಟರೆ ಸರಿಹೋಗುತ್ತಾಳೆ ಎಂದವರೂ ಇದ್ದರು. ಅವರ ಮಕ್ಕಳು ನಾಲ್ಕು ತಿಂದೂ ಸರಿಹೋಗಿರಲಿಲ್ಲ ಎನ್ನುವುದು ಬೇರೆ ಮಾತು.

"ಗೋಪಾಲಸ್ವಾಮಿ ಬೆಟ್ಟುಕ್ಕೂ ಕರ್ಕಂಡೋಗಿದ್ದೊ ಮೇಡಮ್ಮ," ಎಂದಿದ್ದಳು ಚಿಕ್ಕಬಸಮ್ಮ. "ಬಸ್ಸಲ್ಲಿ ಅತ್ತದ್ದು ಅತ್ತದ್ದೆಯ. ಆವತ್ಲಿಂದ ಎಲ್ಗೂ ಕರ್ಕಂಡೋಗದ್ನೇ ಬುಟ್ಬುಟ್ಟೊ. ಮದ್ವೆ ಇಲ್ಲ, ಮುಂಜಿ ಇಲ್ಲ."

ಗುರುಮಲ್ಲಯ್ಯನವರು ಕೆಟ್ಟವರಲ್ಲ, ಕೆಟ್ಟವರಾಗುವುದಕ್ಕೂ ಒಂದಿಷ್ಟು ಶ್ರಮ ಬೇಕು. "ಸೇರಿಸ್ಕೊಂಡಿದ್ದೇ ದೊಡ್ಡದು ಮೇಡಂ, ಹಾಜರಿ ಹಾಕಿ, ಒಂದು ಮೂಲೇಲಿ ಕೂರ್ಲಿ ಬಿಡಿ," ಎನ್ನುವುದು ಭಾನುವಿನ ಬಗ್ಗೆ ಅವರ ಒಟ್ಟು ಶಿಕ್ಷಣ ನೀತಿ.

ಚಾಮರಾಜನಗರದಿಂದ ಬಂದ ಮೇಲೆ ಶಿವಲಕ್ಷ್ಮಿ ಮೊದಲು ಮಾಡಿದ್ದು ಚಿತ್ರ ಬರೆಯುವ ಕೆಲಸ. ರಟ್ಟಿನ ತುಂಡುಗಳ ಮೇಲೆ ದಿನದ ಕಾರ್ಯಕ್ರಮವನ್ನೆಲ್ಲ ಬಿಡಿಸಿದಳು: ಪ್ರಾರ್ಥನೆ, ಹಾಲು, ಪಾಠ, ಬಿಸಿಯೂಟ, ಆಟ, ಮನೆ. ಅವಳಿಗೂ ಚಿತ್ರಕಲೆಗೂ ಎಣ್ಣೆ ಸೀಗೆಕಾಯಿ. ಹಾಲಿನ ಲೋಟ ಒರಳಿನಂತಿತ್ತು; ಆಟವಾಡುವ ಮಕ್ಕಳು ಜಗಳವಾಡುವವರಂತಿದ್ದರು. ಅವನ್ನು ಒಂದು ದಾರಕ್ಕೆ ಬಟ್ಟೆ ಕ್ಲಿಪ್ಪಿನಿಂದ ಸಾಲಾಗಿ ಸಿಕ್ಕಿಸಿದಳು. ಒಂದು ಕೆಲಸ ಮುಗಿದ ಕೂಡಲೇ ಅದರ ಚಿತ್ರ ತೆಗೆದು, "ಆಯ್ತು. ಡಬ್ಬಕ್ಕೆ ಹಾಕು" ಎನ್ನುತ್ತ ಹಳೇ ಬಿಸ್ಕೆಟ್ ಡಬ್ಬಕ್ಕೆ ಹಾಕುವುದು. ಕಂಬಿ ಬಾರಿಸುವ ಮೊದಲು ಭಾನುವಿಗೆ ಗಂಟೆಯ ಚಿತ್ರ ತೋರಿಸಿ, ಕಿವಿ ಮುಚ್ಚಿಕೊಳ್ಳಲು ಪುರುಸೊತ್ತು ಕೊಡುವುದು.

ಫಲ ಏನಾಯಿತು? ಮೊದಲ ದಿನ ಭಾನು ಚಿತ್ರಗಳನ್ನು ಕಿತ್ತು ಎಸೆದಳು. ಮರುದಿನ ಬಿಸಿಯೂಟದ ಚಿತ್ರದ ಅಂಚನ್ನು ಅಗಿದಳು. "ಊಟದ ಚಿತ್ರ ಅಂತ ಗೊತ್ತಾಗಿದೆ ಬಿಡಿ," ಎಂದು ಗುರುಮಲ್ಲಯ್ಯನವರು ನಕ್ಕರು. ಆಮೇಲೆ ಅವಳು ಅವುಗಳ ಕಡೆ ಕತ್ತೆತ್ತಿಯೂ ನೋಡಲಿಲ್ಲ. ತಾನು ಗೋಡೆಗೆ ಪಾಠ ಮಾಡುತ್ತಿದ್ದೇನೆ ಎಂದು ಶಿವಲಕ್ಷ್ಮಿಗೆ ಅನ್ನಿಸತೊಡಗಿತು. ಕೆಲವು ದಿನ ಮನೆಗೆ ಹೋಗುವ ಬಸ್ಸಿನಲ್ಲಿ ಕಣ್ಣು ತುಂಬಿಕೊಂಡದ್ದೂ ಉಂಟು.

ಹೀಗಿರುವಾಗ ಒಂದು ಮಧ್ಯಾಹ್ನ ಮಳೆ ಹೊಯ್ಯಿತು. ಆಟಕ್ಕೆ ಬಿಡುವ ಹಾಗಿಲ್ಲ. ಶಿವಲಕ್ಷ್ಮಿ ಕತೆ ಹೇಳಲು ಶುರುಮಾಡಿದಳು. ಭಾನು ಕಿಟಾರನೆ ಕಿರುಚಿದಳು. ನೀರು ಕೊಟ್ಟರೂ ನಿಲ್ಲಲಿಲ್ಲ, ಎತ್ತಿಕೊಂಡರೂ ನಿಲ್ಲಲಿಲ್ಲ. ಕೊನೆಗೆ ನೋಡಿದರೆ ಅವಳ ಬೆರಳು ದಾರದ ಕಡೆ ಚಾಚಿತ್ತು. ಅಲ್ಲಿ ಆಟದ ಚಿತ್ರ ಇನ್ನೂ ತೂಗುತ್ತಿತ್ತು! ಶಿವಲಕ್ಷ್ಮಿ ಓಡಿಹೋಗಿ ಅದನ್ನು ತೆಗೆದು, ಪುಸ್ತಕದ ಚಿತ್ರವೊಂದನ್ನು ಗೀಚಿ ಆ ಜಾಗಕ್ಕೆ ಸಿಕ್ಕಿಸಿದಳು. ಕಿರುಚಾಟ ಬಿಕ್ಕಳಿಕೆಯಾಗಿ, ಬಿಕ್ಕಳಿಕೆ ನಿಟ್ಟುಸಿರಾಗಿ ನಿಂತಿತು. ನೋಡುತ್ತಿಲ್ಲ ಅಂದುಕೊಂಡ ಹುಡುಗಿ ಇಷ್ಟು ದಿನವೂ ಒಂದೊಂದನ್ನೂ ನೋಡಿಟ್ಟುಕೊಂಡಿದ್ದಳು. ಮಗುವೊಂದು ಅತ್ತದ್ದಕ್ಕೆ ಅಷ್ಟು ಖುಷಿಪಟ್ಟ ಟೀಚರು ಇಡೀ ತಾಲ್ಲೂಕಿನಲ್ಲಿ ಇನ್ನೊಬ್ಬಳಿರಲಿಕ್ಕಿಲ್ಲ.

ಅಲ್ಲಿಂದ ಮುಂದೆ ಕೆಲಸ ಆಮೆ ನಡಿಗೆಯಲ್ಲಾದರೂ ಸಾಗಿತು. ಪ್ರಶ್ನೆ ಕೇಳಿ ಸುಮ್ಮನಿರುವುದನ್ನು ಶಿವಲಕ್ಷ್ಮಿ ಕಲಿತಳು. ಟೀಚರಾದವಳಿಗೆ ಸುಮ್ಮನಿರುವುದೆಂದರೆ ಉಪವಾಸವಿದ್ದ ಹಾಗೆ. "ಭಾನು, ನೀರು ಬೇಕಾ?" ಎಂದು ಕೇಳಿ ಕಾದಳು. ಪಕ್ಕದ ಪುಟ್ಟಮಾದು "ಬೇಕಂತೆ ಮಿಸ್" ಎಂದ. ಅವನ ಬಾಯಿ ಮುಚ್ಚಿಸಿ ಮತ್ತೆ ಕಾದಳು. ಉತ್ತರವಿಲ್ಲ. ಶಿವಲಕ್ಷ್ಮಿ ಅದನ್ನು ಮರೆತು ಕೂಡುವ ಲೆಕ್ಕ ಹೇಳಿಕೊಡುತ್ತಿದ್ದಾಗ ಹಿಂದಿನಿಂದ ಸ್ಪಷ್ಟವಾಗಿ ಕೇಳಿಸಿತು: "ನೀರು." ಇಡೀ ತರಗತಿ ಚಪ್ಪಾಳೆ ತಟ್ಟಿತು, ಚಪ್ಪಾಳೆಯ ಸದ್ದಿಗೆ ಭಾನು ಬೆಂಚಿನ ಕೆಳಗೆ ಸೇರಿಕೊಂಡಳು. ಅಂದಿನಿಂದ ಸದ್ದಿಲ್ಲದ ಚಪ್ಪಾಳೆ ಜಾರಿಗೆ ಬಂತು: ಎರಡೂ ಕೈ ಮೇಲೆತ್ತಿ ಅಂಗೈ ಅಲ್ಲಾಡಿಸುವುದು. ಮಕ್ಕಳಿಗೆ ಅದೆಷ್ಟು ಹಿಡಿಸಿತೆಂದರೆ ಯಾರು ಏನು ಮುಗಿಸಿದರೂ ಕೈ ಮೇಲೇಳುತ್ತಿದ್ದವು.

ಗದ್ದಲ ಮಿತಿಮೀರಿದಾಗ ಹೋಗಿ ಕೂರಲು ಒಂದು ಜಾಗ ಬೇಕಿತ್ತು. "ಮನೇಲಿ ಎಲ್ಲಿ ಕೂತ್ಕೋತಾಳೆ ಅಜ್ಜಿ?" ಎಂದು ಶಿವಲಕ್ಷ್ಮಿ ಕೇಳಿದಳು.

"ನನ್ ಸೀರೆ ಒಣಾಕಿರ್ತಿನಲ್ಲ, ಅದ್ರ ಹಿಂದ್ಗಡೆ ಸೇರ್ಕತಳ ಕಣವ್ವ. ಕರೆದ್ರೂ ಬರಕಿಲ್ಲ."

ಬೀರುವಿನ ಹಿಂದಿನ ಮೂಲೆಗೆ ಚಿಕ್ಕಬಸಮ್ಮನ ಹಳೇ ನೂಲಿನ ಸೀರೆಯೊಂದು ಪರದೆಯಾಯಿತು. ಒಳಗೆ ಒಂದು ಚಾಪೆ, ತೊಡೆಯ ಮೇಲಿಟ್ಟುಕೊಳ್ಳಲು ಹುರುಳಿ ತುಂಬಿದ ಒಂದು ಚೀಲ. ಭಾನು ತನಗೆ ಬೇಕೆನಿಸಿದಾಗ ಒಳಗೆ ಹೋಗುತ್ತಿದ್ದಳು, ಹುರುಳಿಯನ್ನು ಅಮುಕುತ್ತ ಕೂತು ಸಮಾಧಾನವಾದ ಮೇಲೆ ತಾನಾಗಿಯೇ ಹೊರಬರುತ್ತಿದ್ದಳು. ಗೇಟಿನ ಕಡೆ ಓಟ ನಿಂತಿತು.

ಒಳ್ಳೆಯದು ಅಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಆದರೆ ಗುರುಮಲ್ಲಯ್ಯನವರು ಅದರ ಫೋಟೋ ತೆಗೆದು ವಾಟ್ಸಾಪ್ ಗುಂಪಿಗೆ ಹಾಕಿದರು. ಮೇಲಿನ ಸಾಹೇಬರೊಬ್ಬರು ನೋಡಿ, 'ಮಾದರಿ ಕಾರ್ಯ, ಖುದ್ದು ಬಂದು ಉದ್ಘಾಟಿಸುತ್ತೇನೆ' ಎಂದರು.

"ಸರ್, ಅದು ಆಗಲೇ ಶುರುವಾಗಿದೆಯಲ್ಲ?" ಎಂದಳು ಶಿವಲಕ್ಷ್ಮಿ.

"ಶುರುವಾಗೋದು ಬೇರೆ, ಉದ್ಘಾಟನೆ ಆಗೋದು ಬೇರೆ ಮೇಡಂ," ಎಂದರು ಗುರುಮಲ್ಲಯ್ಯನವರು ಕನಿಕರದಿಂದ.

ಮೂಲೆಯ ಸುಧಾರಣೆ ಆರಂಭವಾಯಿತು. ಗುಂಡ್ಲುಪೇಟೆಯಿಂದ ಪೇಂಟರು ಬಂದ. ಕಣ್ಣಿಗೆ ಹಿತವಾಗಿದ್ದ ಸುಣ್ಣದ ಗೋಡೆ ಕೆಂಪು ಹಳದಿಯಾಯಿತು. ಬಂಡೀಪುರ ಹತ್ತಿರವಿದೆಯೆಂಬ ಅಭಿಮಾನಕ್ಕೆ ಬಾಯಿ ತೆರೆದ ಹುಲಿಯೊಂದು ಮೂಡಿತು. ಪಕ್ಕದಲ್ಲಿ ಘೀಳಿಡುವ ಆನೆ. ಮೇಲೆ 'ಪ್ರಶಾಂತ ಮೂಲೆ' ಎಂಬ ಬ್ಯಾನರು. ಅದರಲ್ಲಿ ಸಾಹೇಬರ ಫೋಟೋ, ಅವರಿಗಿಂತ ಮೇಲಿನವರ ಫೋಟೋ, ಕೆಳಗೆ ಕೈಮುಗಿದ ಗುರುಮಲ್ಲಯ್ಯನವರ ಫೋಟೋ. ಸೀರೆ 'ಲುಕ್ ಬರಲ್ಲ' ಎಂದು ಮೂಟೆ ಸೇರಿತು. ಹೊಸತು ಕೊಳೆಯಾಗಬಾರದೆಂದು ಉದ್ಘಾಟನೆಯವರೆಗೆ ಅಡ್ಡಲಾಗಿ ಹಗ್ಗ ಕಟ್ಟಲಾಯಿತು.

ಮರುದಿನ ಭಾನು ಹಗ್ಗದ ಮುಂದೆ ನಿಂತು ಒಳಗಿನ ಹುಲಿಯನ್ನು ನೋಡಿದಳು. ಆಮೇಲೆ ತಿರುಗಿ ಗೇಟಿನ ಕಡೆ ಓಡಿದಳು. ತಿಂಗಳುಗಟ್ಟಲೆ ಕಟ್ಟಿದ್ದು ಒಂದು ಡಬ್ಬ ಪೇಂಟಿನಲ್ಲಿ ಅಳಿಸಿಹೋಯಿತು. ಶಿವಲಕ್ಷ್ಮಿಗೆ ರೇಗಿತು.

"ಸರ್, ಆ ದಿನ ಭಾನು ಮನೇಲೇ ಇರ್ಲಿ. ಮೈಕು, ಜನ, ಅವಳಿಗೆ ಆಗಲ್ಲ."

"ಏನ್ರೀ ಹೀಗಂತೀರ? ಮದುಮಗಳಿಲ್ಲದೆ ಮದುವೆ ಮಾಡೋಕಾಗುತ್ತಾ? ಸಾಹೇಬ್ರು ಮಗು ಎಲ್ಲಿ ಅಂದ್ರೆ ಯಾರನ್ನ ತೋರಿಸ್ಲಿ, ಹುಲೀನಾ?"

ಮನೆಯವರಾದರೂ ಬೇಡವೆಂದಾರೇ ಎಂದು ಚಿಕ್ಕಬಸಮ್ಮನನ್ನು ಕೇಳಿದರೆ ಅವಳು ಆಗಲೇ ಹೊಸ ಲಂಗ ಹೊಲಿಸಲು ಕೊಟ್ಟಾಗಿತ್ತು. "ಅಷ್ಟ್ ದೊಡ್ಡೋರು ನಮ್ ಕೂಸ್ನ ನೋಡಾಕ ಬತ್ತರ ಅಂದ್ರ ಮನೇಲಿ ಮಡಿಕಳಕ್ಕಾದ್ದಾ ಮೇಡಮ್ಮ? ಇಷ್ಟ್ ದಿನ ಬಚ್ಚಿಟ್ಟಿದ್ದು ಸಾಕು ಬುಡಿ."

ಉಳಿದದ್ದು ಒಂದೇ ದಾರಿ. ಉದ್ಘಾಟನೆಗೂ ಚಿತ್ರ ಬರೆದಳು: ಕಾರು, ಹಾರ, ರಿಬ್ಬನ್, ಭಾಷಣ, ಲಾಡು, ಮನೆ. ಭಾಷಣ ಉದ್ದವಾಗುತ್ತದೆಯೇ ಎಂದು ಕೇಳಿದ್ದಕ್ಕೆ ಗುರುಮಲ್ಲಯ್ಯನವರು, "ಎರಡೇ ಮಾತು, ಅವರು ಬಿಜಿ ಮನುಷ್ಯ" ಎಂದಿದ್ದರು. ದಿನಾಲೂ ಭಾನುವಿನ ಜೊತೆ ಕೂತು ಆ ಸಾಲನ್ನು ತೋರಿಸಿ ಹೇಳಿದಳು. ಚಿತ್ರದ ದಾರವನ್ನು ಅವಳ ಕೈಗೆಟುಕುವಂತೆ ಕಟ್ಟಿ, ಕುರ್ಚಿಯನ್ನು ಬಾಗಿಲ ಪಕ್ಕ ಹಾಕಿಸಿದಳು. ಸಾಕೆನಿಸಿದರೆ ಎದ್ದು ಹೋಗಲು ದಾರಿ ಇರಲಿ ಎಂದು. ಕಿವಿಗೆ ಹತ್ತಿ, ಅದರ ಮೇಲೆ ಉಣ್ಣೆಯ ಟೋಪಿ.

ಸಾಹೇಬರು ತಡವಾಗಿ ಬಂದರು. ಕಾರು ಬಂತು, ಹಾರ ಬಿತ್ತು, ರಿಬ್ಬನ್ ತುಂಡಾಯಿತು. ಒಂದೊಂದು ಮುಗಿದಾಗಲೂ ಭಾನು ಆಯಾ ಚಿತ್ರ ಕಿತ್ತು ತೊಡೆಯ ಮೇಲಿದ್ದ ಡಬ್ಬಕ್ಕೆ ಹಾಕಿದಳು. ಶಿವಲಕ್ಷ್ಮಿ ಉಸಿರು ಬಿಟ್ಟಳು. ಅಷ್ಟರಲ್ಲಿ ಸಾಹೇಬರು ಮೈಕು ಹಿಡಿದರು.

"ಮೌನದ ಮಹತ್ವ ಇಂದಿನ ಸಮಾಜಕ್ಕೆ ತಿಳಿದಿಲ್ಲ!" ಎಂದು ಆರಂಭಿಸಿದವರು ಆ ಮಹತ್ವವನ್ನು ವೇದಕಾಲದಿಂದ ಎತ್ತಿಕೊಂಡರು. ಬುದ್ಧನಿಗೆ ಬರುವ ಹೊತ್ತಿಗೆ ಮಕ್ಕಳು ಆಕಳಿಸುತ್ತಿದ್ದರು. ಸ್ವಾತಂತ್ರ್ಯ ಚಳವಳಿಗೆ ಬರುವ ಹೊತ್ತಿಗೆ ಗುರುಮಲ್ಲಯ್ಯನವರಿಗೂ ಗಾಬರಿಯಾಯಿತು. ಮಕ್ಕಳು ಏಳದಿರಲೆಂದು ಲಾಡು ಹಂಚಲು ಸನ್ನೆ ಮಾಡಿದರು. ಭಾನುವಿನ ಕೈಗೂ ಒಂದು ಲಾಡು ಬಂತು.

ಭಾನು ಲಾಡನ್ನು ನೋಡಿದಳು. ದಾರವನ್ನು ನೋಡಿದಳು. ಲಾಡು ಬಂತೆಂದರೆ ಭಾಷಣ ಮುಗಿದಿರಬೇಕು. ಆದರೆ ಆ ಮನುಷ್ಯ ಇನ್ನೂ ಅಲ್ಲೇ ಇದ್ದಾನೆ. ಅವಳು ಭಾಷಣದ ಚಿತ್ರವನ್ನು ಡಬ್ಬಕ್ಕೆ ಹಾಕಿ, ಒಂದು ಅವಕಾಶ ಕೊಡುವವಳಂತೆ ಕಾದಳು. ಸಾಹೇಬರು, "ಮೌನವೇ ಬಂಗಾರ ಎಂದಿದ್ದಾರೆ!" ಎಂದು ಗುಡುಗಿದರು. ಭಾನು ಎದ್ದಳು. ಗೇಟಿನ ಕಡೆಗೇ ಓಡುತ್ತಾಳೆ ಎಂದು ಶಿವಲಕ್ಷ್ಮಿ ಬಾಗಿಲಿಗೆ ಅಡ್ಡ ಹೋದಳು. ಅವಳು ನಡೆದದ್ದು ಸ್ಪೀಕರಿನ ಕಡೆಗೆ. ವೈರು ಹಿಡಿದು ಎಳೆದಳು.

ಕೋಣೆಯಲ್ಲಿ ಆ ಬೆಳಿಗ್ಗೆ ಮೊದಲ ಬಾರಿಗೆ ಪ್ರಶಾಂತತೆ ನೆಲೆಸಿತು.

"ಆಯ್ತು," ಎಂದಳು ಭಾನು. ದನಿ ಶಿವಲಕ್ಷ್ಮಿಯದೇ, ರಾಗವೂ ಅವಳದೇ. "ಡಬ್ಬಕ್ಕೆ ಹಾಕು."

ಆಯ್ತು ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಮಕ್ಕಳೆಲ್ಲ ಎರಡೂ ಕೈ ಮೇಲೆತ್ತಿ ಅಂಗೈ ಅಲ್ಲಾಡಿಸಿದರು. ಸಾಹೇಬರು ಒಂದು ಗಳಿಗೆ ಕಕ್ಕಾಬಿಕ್ಕಿಯಾದರು. ಇಷ್ಟು ಮಕ್ಕಳು ಒಟ್ಟಿಗೆ ಟಾಟಾ ಮಾಡುತ್ತಿರುವಾಗ ನಿಂತೇ ಇರುವುದು ಹೇಗೆ? ಅವರೂ ಕೈಬೀಸಿದರು. ಬೀಸುತ್ತಲೇ ಬಾಗಿಲು ದಾಟಿದರು, ಬೀಸುತ್ತಲೇ ಕಾರು ಹತ್ತಿದರು. ಗುರುಮಲ್ಲಯ್ಯನವರು ಕಾಫಿ ಲೋಟ ಹಿಡಿದು ಕಾರಿನ ಹಿಂದೆ ಒಂದಷ್ಟು ದೂರ ಓಡಿ ವಾಪಸು ಬಂದರು.

"ನನ್ನ ಕತೆ ಮುಗೀತು ಮೇಡಂ. ನನ್ನನ್ನ ಎಲ್ಲಿಗೆ ಎತ್ತಿಹಾಕ್ತಾರೋ!"

ಶಿವಲಕ್ಷ್ಮಿ ಬಾಗಿಲ ಬಳಿ ನೆಲದ ಮೇಲೆ ಕೂತುಬಿಟ್ಟಿದ್ದಳು. ನಗುತ್ತಿದ್ದಾಳೋ ಅಳುತ್ತಿದ್ದಾಳೋ ಅವಳಿಗೇ ಗೊತ್ತಿರಲಿಲ್ಲ. ಪಕ್ಕದಲ್ಲಿ ಭಾನು ಲಾಡಿನ ದ್ರಾಕ್ಷಿಯನ್ನು ಹುಡುಕಿ ಹುಡುಕಿ ತೆಗೆದು, ದ್ರಾಕ್ಷಿ ಬಿಸಾಡಿ ಉಳಿದದ್ದನ್ನು ತಿನ್ನುತ್ತಿದ್ದಳು.

ಕತೆ ಮುಗಿಯಲಿಲ್ಲ. ಎರಡು ದಿನ ಬಿಟ್ಟು ಸಾಹೇಬರಿಂದ ಸಂದೇಶ ಬಂತು: 'ಮಕ್ಕಳ ಶಿಸ್ತು ಶ್ಲಾಘನೀಯ. ಬೀಳ್ಕೊಟ್ಟ ರೀತಿ ಇತರ ಶಾಲೆಗಳಿಗೆ ಮಾದರಿ.' ಗುರುಮಲ್ಲಯ್ಯನವರು ಅದನ್ನು ದೊಡ್ಡ ದನಿಯಲ್ಲಿ ಓದಿ, ತಮ್ಮ ಶಿಸ್ತಿನ ಬಗ್ಗೆ ತಾವೇ ನಾಲ್ಕು ಮಾತಾಡಿದರು. ಪ್ರಶಾಂತ ಮೂಲೆಗೆ ಮತ್ತೆ ಹಗ್ಗ ಬಿತ್ತು. ಬಂದವರಿಗೆ ತೋರಿಸಲು ಬೇಕಲ್ಲ. ಶಿವಲಕ್ಷ್ಮಿ ಹೆಡ್‌ಮಾಸ್ಟರರ ಅಪ್ಪಣೆ ಕೇಳಲಿಲ್ಲ. ಒಂದು ಸಂಜೆ ಚಿಕ್ಕಬಸಮ್ಮನನ್ನು ಕರೆದುಕೊಂಡು ಬೀರುವನ್ನು ಎದುರು ಗೋಡೆಗೆ ದಬ್ಬಿದಳು, ಮೂಟೆಯಿಂದ ಸೀರೆ ತೆಗೆದು ಕಟ್ಟಿದಳು. ಭಾನು ಆ ಹೊಸ ಜಾಗವನ್ನು ನಂಬಲು ಬಹಳ ದಿನ ತೆಗೆದುಕೊಂಡಳು. ಮೊದಲು ಸೀರೆಯ ಅಂಚು ಮೂಸಿ ನೋಡಿ ಬಂದಳು. ಆಮೇಲೆ ಒಂದು ಕಾಲು ಒಳಗಿಟ್ಟಳು. ಅವಳು ಪೂರ್ತಿ ಒಳಗೆ ಹೋಗಿ ಕೂತ ದಿನ ಯಾರೂ ಉದ್ಘಾಟನೆ ಮಾಡಲಿಲ್ಲ.

ಚಿಕ್ಕಬಸಮ್ಮ ಒಂದು ದಿನ ಎಲೆ ಅಡಿಕೆ ಜಗಿಯುತ್ತ ಬಂದು ಬಾಗಿಲಲ್ಲಿ ನಿಂತಳು. "ಮೇಡಮ್ಮ, ಪುಣಜನೂರಲ್ಲಿ ನನ್ ತಮ್ಮನ ಮೊಮ್ಮಗಳ ಮದ್ವೆ ಅದ. ಕೂಸ್ನೂ ಕರ್ಕಂಡೋಗನ ಅಂತ. ಮದ್ವೆಗೂ ಚಿತ್ರ ಬರ್ದ್ಕೊಟ್ಟರಾ?"

ಶಿವಲಕ್ಷ್ಮಿ ಬರೆದುಕೊಟ್ಟಳು: ಬಸ್ಸು, ಚಪ್ಪರ, ವಾಲಗ, ತಾಳಿ, ಊಟ, ಬಸ್ಸು. ವಾಲಗ ಜೋರಾದರೆ ಹೊರಗೆ ಕರೆದುಕೊಂಡು ಹೋಗಿ ಎಂದಳು.

ಮದುವೆ ಮುಗಿಸಿ ಬಂದ ಅಜ್ಜಿಯ ಮುಖದಲ್ಲಿ ಗೆದ್ದ ಕಳೆಯೂ ಇತ್ತು, ಸುಸ್ತೂ ಇತ್ತು. "ವಾಲಗ ಊದೋ ಗಂಟ ತೆಂಗಿನ ಮರದ ತಾವು ಕೂತಿದ್ದೊ. ಆಮೇಕ ಪಂಕ್ತಿಲಿ ಕೂತು ಉಂಡ್ಲು ಕಣವ್ವ! ನಮ್ ನೆಂಟ್ರು ಇಂಥ ಕೂಸದ ಅಂತ್ಲೇ ಹೇಳಿರ್ಲಿಲ್ವಲ್ಲ ಅಂದ್ರು."

"ಅಯ್ಯೋ, ಎಷ್ಟು ಚೆನ್ನಾಯ್ತಲ್ಲ ಅಜ್ಜಿ!"

"ಚಂದಾಗೇ ಆಯ್ತು. ಬರೋವಾಗ ರಸ್ತೆ ಮದ್ಯಕ್ಕ ಆನೆ ಬಂದು ನಿಂತ್ಕತು ನೋಡಿ. ಬಸ್ಸೂ ನಿಂತೋಯ್ತು. ಇವ್ಳು ಎಲ್ಲಾ ಚಿತ್ರನೂ ತಿರುಗ್ಸಿ ಮುರುಗ್ಸಿ ನೋಡುದ್ಲು. ಆನೆದೇ ಇಲ್ಲ! ಸುರುವಾಯ್ತು ಅಳು, ಚಾಮರಾಜನಗರ ಬರೋ ಗಂಟ. ಮುಂದಿನ್ ಸಲಕ ಆನೆನೂ ಒಂದ್ ಬರ್ದ್ಬುಡಿ."

ಶಿವಲಕ್ಷ್ಮಿ ರಟ್ಟು ತೆಗೆದುಕೊಂಡಳು. ಆದರೆ ಆನೆ ಬರೆದರೆ ಸಾಕೆ? ನಾಳೆ ಟಯರು ಪಂಚರಾದೀತು, ನಾಡಿದ್ದು ಮರ ಬಿದ್ದೀತು. ರಸ್ತೆಯಲ್ಲಿ ಬರುವುದನ್ನೆಲ್ಲ ಬರೆಯಲು ಹೊರಟರೆ ಈ ಜನ್ಮ ಸಾಲದು. ಯೋಚಿಸಿ, ರಟ್ಟಿನ ಮೇಲೆ ನೇರಳೆ ಬಣ್ಣದ ಒಂದು ದೊಡ್ಡ ಚುಕ್ಕೆ ಇಟ್ಟಳು. ಭಾನುವಿನ ಪಕ್ಕ ಕೂತು, "ಇದು 'ಬೇರೆ ಏನೋ' ಕಣಮ್ಮಿ. ಏನು ಅಂತ ಗೊತ್ತಿಲ್ಲ. ಬರುತ್ತೆ, ಹೋಗುತ್ತೆ. ಆಮೇಲೆ ಮುಂದಿನ ಚಿತ್ರ," ಎಂದು ದಾರದಲ್ಲಿ ಪಾಠಕ್ಕೂ ಬಿಸಿಯೂಟಕ್ಕೂ ನಡುವೆ ಸಿಕ್ಕಿಸಿದಳು.

ಭಾನುವಿಗೆ ಅದು ಸುತರಾಂ ಹಿಡಿಸಲಿಲ್ಲ. ಕಿತ್ತು ಚಾಪೆಯ ಕೆಳಗೆ ತುರುಕಿದಳು. ಮರುದಿನ ಶಿವಲಕ್ಷ್ಮಿ ಅದನ್ನು ಮತ್ತೆ ಸಿಕ್ಕಿಸಿ, ಆ ಹೊತ್ತಿಗೆ ಮಕ್ಕಳನ್ನು ಹೊರಗೆ ಕರೆದುಕೊಂಡು ಹೋಗಿ ಸೋಪಿನ ಗುಳ್ಳೆ ಊದಿಸಿದಳು. ಅದರಾಚೆಯ ದಿನ ಒಂದು ಆಡಿನ ಮರಿ ತರಿಸಿದಳು. ವಾರ ಕಳೆಯುವ ಹೊತ್ತಿಗೆ, ಒಂದು ಬೆಳಿಗ್ಗೆ ಅವಳು ಬಂದು ನೋಡಿದಾಗ ಭಾನು ಆಗಲೇ ದಾರದ ಮುಂದೆ ನಿಂತಿದ್ದಳು. ನೇರಳೆ ಚುಕ್ಕೆಯನ್ನು ತಾನೇ ಸಿಕ್ಕಿಸಿದ್ದಳು. ಅದೂ ಪಾಠದ ಚಿತ್ರವನ್ನು ಪೂರ್ತಿ ಮುಚ್ಚುವ ಹಾಗೆ.